ನೂರರಲ್ಲಿ ಎಷ್ಟು ಮಂದಿಗೆ?

ಅಮ್ಮನ ಆಪರೇಷನ್ ಆಗಿ ಹನ್ನೊಂದನೆಯ ದಿನ ರಿಪೋರ್ಟ್ ಬಂತು. ನಾನಾಗ ಥಾಣೆ ಸ್ಟೇಷನ್ನಿನಲ್ಲಿ ಇಳಿದು ಐರೋಲಿಗೆ ಹೋಗಲು ಪನ್ವೇಲ್ ಲೋಕಲ್ ಕಾಯುತ್ತಿದ್ದೆ. ಮೊಬೈಲಿನಲ್ಲಿ ಪಿಡಿಎಫ್ ತೆರೆದೆ. ನಾಲ್ಕು ಪುಟ. ಹದಿನೈದು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ದಿನಕ್ಕೆ ಎಷ್ಟೋ ದಾಖಲೆ ಓದುತ್ತೇನೆ. ಆ ನಾಲ್ಕು ಪುಟದಲ್ಲಿ ನನಗೆ ಅರ್ಥವಾದದ್ದು ಅಮ್ಮನ ಹೆಸರು ಮತ್ತು ವಯಸ್ಸು, ಅಷ್ಟೇ. ಅದನ್ನೇ ಮತ್ತೆ ಮತ್ತೆ ಓದುತ್ತಾ ಎರಡು ಲೋಕಲ್ ಬಿಟ್ಟೆ.

ಸಂಜೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಸಭೆ ಸೇರಿತು. ನೆರೂಳಿನಿಂದ ಅಣ್ಣ ಬಂದಿದ್ದ. ಊರಿನಿಂದ ಮಾವ ಫೋನಿನಲ್ಲಿದ್ದರು. ಆಪರೇಷನ್ ಮಾಡಿದ ಕಡೆಯ ಡಾಕ್ಟರು, "ನಾಲ್ಕು ಕೀಮೋ ಕೊಟ್ಟುಬಿಡೋಣ, ಆಮೇಲೆ ನಿಶ್ಚಿಂತೆ" ಎಂದಿದ್ದರು. "ಡಾಕ್ಟರೇ ಹೇಳಿದ ಮೇಲೆ ನಮ್ಮದೆಂತ ತಕರಾರು?" ಎಂದ ಅಣ್ಣ. "ಅರವತ್ತನಾಲ್ಕರ ಹೆಂಗಸನ್ನು ಹಾಗೆಲ್ಲ ಗೋಳು ಹುಯ್ದುಕೊಳ್ಳಬೇಡಿ, ಶಿವಮೊಗ್ಗದ ಕಡೆ ಒಬ್ಬರು ನಾಟಿ ಔಷಧ ಕೊಡ್ತಾರಂತೆ" ಎಂದರು ಮಾವ. ಅಪ್ಪ ಟಿವಿಯ ಶಬ್ದ ಪೂರ್ತಿ ಇಳಿಸಿ ಸುಮ್ಮನೆ ಚಿತ್ರ ನೋಡುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಎಡಗೈಯಲ್ಲಿ ಚಹಾ ಸೋಸುತ್ತಿದ್ದಳು. ಬಲಗೈ ಇನ್ನೂ ಮೇಲೆ ಏಳುತ್ತಿರಲಿಲ್ಲ. ಒಂದು ಗಂಟೆ ನಾವೆಲ್ಲ ಅವಳ ಬಗ್ಗೆಯೇ ಮಾತಾಡಿದೆವು. ಅವಳನ್ನು ಒಬ್ಬರೂ ಕೇಳಲಿಲ್ಲ.

ಚಹಾ ತಂದಿಟ್ಟು ಅಮ್ಮನೇ ಹೇಳಿದಳು: "ನನಗೆ ಒಂದು ಮಾತು ಹೇಳಿ. ಈ ಕೀಮೋ ಅಂತ ತಗೊಂಡರೆ ನೂರರಲ್ಲಿ ಎಷ್ಟು ಮಂದಿಗೆ ಪ್ರಯೋಜನ ಉಂಟು?"

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅದನ್ನು ಹುಡುಕಿಕೊಂಡು ಹೋದ ಆರು ವಾರದ ಕಥೆ ಇದು. ಅದಾದ ಮೇಲೆ ನಾನು ಮಾಡಿದ ಒಂದು ತಪ್ಪಿನ ಕಥೆಯೂ ಹೌದು. ನಾನು ವೈದ್ಯೆ ಅಲ್ಲ. ಆದರೆ ಆ ನಂತರ ಡೊಂಬಿವಲಿ, ಕಲ್ಯಾಣ್, ಥಾಣೆಯ ಪರಿಚಯದ ಮನೆಗಳಿಂದ ಇದೇ ಪ್ರಶ್ನೆ ಹೊತ್ತ ಫೋನುಗಳು ಬರುತ್ತಲೇ ಇವೆ. ಬರಬೇಕಾದದ್ದೇ. ಗ್ಲೋಬೋಕಾನ್ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,78,000 ಹೆಂಗಸರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 90,000 ಮಂದಿ ತೀರಿಕೊಂಡರು. ಎಲ್ಲರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಮ್ಮೆ ಸರಿಯಾಗಿ ಬರೆದಿಡೋಣ ಅನ್ನಿಸಿತು.

ರಿಪೋರ್ಟಿನಲ್ಲಿ ನೋಡಬೇಕಾದದ್ದು

ಮೊದಲು ಆ ನಾಲ್ಕು ಪುಟ. ಸ್ತನ ಕ್ಯಾನ್ಸರ್ ಎಂಬುದು ಒಂದೇ ಕಾಯಿಲೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಒಂದೇ ಹೆಸರಿನಡಿ ಹಲವು ಕಾಯಿಲೆಗಳಿವೆ. ಯಾವುದು ಎಂದು ಹೇಳುವುದು ಮುಖ್ಯವಾಗಿ ಐದು ಸಾಲು.

ಗಡ್ಡೆಯ ಗಾತ್ರ ಮೊದಲನೆಯದು. ಕಂಕುಳಿನ ದುಗ್ಧಗ್ರಂಥಿಗಳಿಗೆ ಕ್ಯಾನ್ಸರ್ ಹೋಗಿದೆಯೇ, ಹೋಗಿದ್ದರೆ ಎಷ್ಟಕ್ಕೆ ಎಂಬುದು ಎರಡನೆಯದು. ಮೂರನೆಯದು ಗ್ರೇಡ್: ಜೀವಕೋಶಗಳು ಸಹಜ ರೂಪದಿಂದ ಎಷ್ಟು ಕೆಟ್ಟಿವೆ ಎಂಬುದಕ್ಕೆ 1ರಿಂದ 3ರವರೆಗಿನ ಅಂಕ. ನಾಲ್ಕನೆಯದು ಇಆರ್ ಮತ್ತು ಪಿಆರ್. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಗ್ರಾಹಕಗಳು ಆ ಕೋಶಗಳಲ್ಲಿ ಇವೆಯೇ ಎಂದು ಇದು ತಿಳಿಸುತ್ತದೆ. ಇದ್ದರೆ ಹಾರ್ಮೋನನ್ನು ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಐದನೆಯದು ಹರ್-2 ಎಂಬ ಪ್ರೋಟೀನು. ಅದು ಅತಿಯಾಗಿದ್ದರೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ, ಸಾಮಾನ್ಯವಾಗಿ ಕೀಮೋ ಜೊತೆಗೇ ಕೊಡುತ್ತಾರೆ. ಒಂದು ಕಾಲಕ್ಕೆ ನಮ್ಮಂಥವರ ಕೈಗೆ ಎಟುಕದ ಔಷಧವಾಗಿತ್ತು ಅದು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರ ಸಮಾನ ಔಷಧವನ್ನು ಕ್ಯಾನ್‌ಮ್ಯಾಬ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಅಮ್ಮನ ರಿಪೋರ್ಟು ಹೀಗಿತ್ತು: 2.2 ಸೆಂಟಿಮೀಟರ್ ಗಡ್ಡೆ, ಗ್ರೇಡ್ 2, ತೆಗೆದು ನೋಡಿದ ಮೂರು ಗ್ರಂಥಿಗಳಲ್ಲೂ ಕ್ಯಾನ್ಸರ್ ಇಲ್ಲ, ಇಆರ್ ಮತ್ತು ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್. ಇಷ್ಟು ಸಾಲುಗಳನ್ನು ನೀವು ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ಡಾಕ್ಟರೊಡನೆ ಆಡುವ ಮಾತಿನ ರೀತಿಯೇ ಬದಲಾಗುತ್ತದೆ.

ಕಾಣದ ಬೀಜಗಳಿಗೆ ಔಷಧ

ಗಡ್ಡೆಯನ್ನೇ ಕಿತ್ತು ತೆಗೆದ ಮೇಲೆ ಕೀಮೋ ಯಾಕೆ? ಇದು ಅಪ್ಪನ ಪ್ರಶ್ನೆ. ಗದ್ದೆಯಿಂದ ಕಳೆ ಕಿತ್ತರೂ ಉದುರಿದ ಬೀಜ ಮಣ್ಣಿನಲ್ಲಿ ಉಳಿದಿರಬಹುದು. ಹಾಗೆಯೇ ಯಾವ ಸ್ಕ್ಯಾನಿಗೂ ಕಾಣದ ಕೆಲವು ಕೋಶಗಳು ಮೈಯಲ್ಲಿ ಎಲ್ಲೋ ಉಳಿದುಕೊಂಡು, ಮುಂದೆ ಎಲುಬಿನಲ್ಲೋ ಶ್ವಾಸಕೋಶದಲ್ಲೋ ಏಳಬಹುದು. ಅವನ್ನು ಮೊಳೆಯುವ ಮೊದಲೇ ಕೊಲ್ಲುವುದು ಉದ್ದೇಶ. ಇಟಲಿಯ ಮಿಲಾನಿನಲ್ಲಿ ಜಾನಿ ಬೊನಾದೊನ್ನಾ ಎಂಬ ವೈದ್ಯರು ಆಪರೇಷನ್ ಆದ ಮೇಲೆ ಮೂರು ಔಷಧಗಳ ಕೀಮೋ ಕೊಟ್ಟು, ಕಾಯಿಲೆ ಮರಳುವುದು ಕಡಿಮೆಯಾಯಿತೆಂದು 1976ರಲ್ಲಿ ತೋರಿಸಿದರು. ಅಲ್ಲಿಂದ ಈಚೆಗೆ ಕೀಮೋದಿಂದ ಲಕ್ಷಾಂತರ ಹೆಂಗಸರ ಜೀವ ಉಳಿದಿದೆ. ಅದರಲ್ಲಿ ಸಂಶಯವಿಲ್ಲ.

ತೊಡಕು ಏನೆಂದರೆ, ಬೀಜ ಉಳಿದಿದೆಯೋ ಇಲ್ಲವೋ ಒಬ್ಬೊಬ್ಬರ ಮಟ್ಟಿಗೆ ಖಚಿತವಾಗಿ ಹೇಳಲು ಆಗುವುದಿಲ್ಲ. ಹಾಗಾಗಿ ಬೀಜವೇ ಇಲ್ಲದವರೂ ಔಷಧದ ಕಷ್ಟ ಅನುಭವಿಸುತ್ತಾರೆ.

ಇಲ್ಲಿ ಶೇಕಡಾವಾರಿನ ಒಂದು ಮೋಸವಿದೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. "ಕೀಮೋದಿಂದ ಅಪಾಯ ಶೇ. 30 ಕಡಿಮೆಯಾಗುತ್ತದೆ" ಎಂದು ಯಾರೋ ಹೇಳಿದರು ಅಂದುಕೊಳ್ಳೋಣ. ಕೇಳಿದರೆ ತಗೊಳ್ಳದೆ ಇರುವವರುಂಟೇ? ಆದರೆ ಯಾವುದರ ಶೇ. 30? ನೂರು ಮಂದಿಯಲ್ಲಿ ಹತ್ತು ಮಂದಿಗೆ ಕಾಯಿಲೆ ಮರಳುವಂತಿದ್ದರೆ, ಆ ಹತ್ತು ಏಳಾಗುತ್ತದೆ. ಲಾಭ ನೂರಕ್ಕೆ ಮೂವರಿಗೆ. ಮಿಕ್ಕ 97 ಮಂದಿಗೆ ಔಷಧದಿಂದ ಫಲಿತಾಂಶ ಬದಲಾಗಲಿಲ್ಲ. ಅದೇ, ನೂರರಲ್ಲಿ ಐವತ್ತು ಮಂದಿಗೆ ಮರಳುವಂಥ ಕಾಯಿಲೆಯಾದರೆ ಐವತ್ತು ಮೂವತ್ತೈದಾಗುತ್ತದೆ, ಲಾಭ ಹದಿನೈದು ಮಂದಿಗೆ. ಔಷಧ ಅದೇ, ಶೇಕಡಾವಾರು ಅದೇ, ಆದರೆ ಇಬ್ಬರ ಉತ್ತರ ಬೇರೆ ಬೇರೆ. ಇವು ನಾನು ಉದಾಹರಣೆಗೆ ತೆಗೆದುಕೊಂಡ ಅಂಕಿಗಳು. ಅಮ್ಮ ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ: ನೂರರಲ್ಲಿ ಎಷ್ಟು ಮಂದಿಗೆ?

ಪರೇಲಿಗೆ

ಎರಡನೆಯ ಅಭಿಪ್ರಾಯ ಕೇಳಲು ಪರೇಲಿಗೆ ಹೋದೆವು. 1941ರಲ್ಲಿ ಶುರುವಾದ ಟಾಟಾ ಮೆಮೋರಿಯಲ್ ಆಸ್ಪತ್ರೆ ಇರುವ ಪ್ರದೇಶ. ದೇಶದ ಮೂಲೆ ಮೂಲೆಯ ಜನ ಕಡತ ಹಿಡಿದು ಓಡಾಡುತ್ತಿರುತ್ತಾರೆ. ಬಿಹಾರದಿಂದ, ಅಸ್ಸಾಮಿನಿಂದ ಮೂರು ದಿನ ರೈಲಿನಲ್ಲಿ ಬಂದವರು ಫುಟ್‌ಪಾತಿನಲ್ಲಿ ಚಾದರ ಹಾಸಿದ್ದರು. ನಾವು ಸ್ಲೋ ಲೋಕಲ್ ಹಿಡಿದು ಬಂದವರು, ಸಂಜೆಗೆ ಮನೆ ಸೇರುವವರು. "ನಾವು ಪುಣ್ಯವಂತರು ಮಾರಾಯ್ತಿ" ಎಂದಳು ಅಮ್ಮ.

ಆ ದಿನ ನಾವು ನೋಡಿದ ಡಾಕ್ಟರು ಚೀಟಿ ಓದಿ ಅಮ್ಮನ ಕಡೆ ತಿರುಗಿ ಹಿಂದಿಯಲ್ಲಿ ಮಾತಾಡಿದರು, ನನ್ನ ಕಡೆ ಅಲ್ಲ. ಅವರು ಹೇಳಿದ್ದರ ಸಾರ ಇಷ್ಟು.

ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್, ಗ್ರಂಥಿಗೆ ಹೋಗದ ಕ್ಯಾನ್ಸರಿನಲ್ಲಿ ಮುಖ್ಯ ಔಷಧ ಹಾರ್ಮೋನ್ ತಡೆಯುವ ಮಾತ್ರೆ. ಕೀಮೋ ಅದರ ಮೇಲಿನ ಸೇರ್ಪಡೆ. ಆ ಸೇರ್ಪಡೆ ಬೇಕೋ ಬೇಡವೋ ಎಂದು ನೋಡಲು ಟೇಲರ್‌ಎಕ್ಸ್ ಎಂಬ ದೊಡ್ಡ ಪ್ರಯೋಗ ನಡೆಯಿತು, ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದರು. ಗಡ್ಡೆಯ ತುಣುಕಿನಲ್ಲಿ 21 ಜೀನುಗಳನ್ನು ಅಳೆದು 0ರಿಂದ 100ರವರೆಗೆ ಅಂಕ ಕೊಡುವ ಆಂಕೋಟೈಪ್ ಎಂಬ ಪರೀಕ್ಷೆ ಎಲ್ಲರಿಗೂ ಆಯಿತು. 11ರಿಂದ 25ರ ನಡುವೆ ಅಂಕ ಬಂದ 6,711 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾತ್ರೆ ಮಾತ್ರ, ಇನ್ನೊಂದಕ್ಕೆ ಮಾತ್ರೆಯ ಜೊತೆ ಕೀಮೋ. ಒಂಬತ್ತು ವರ್ಷದ ಲೆಕ್ಕದಲ್ಲಿ ಮಾತ್ರೆ ಮಾತ್ರ ತಗೊಂಡವರಲ್ಲಿ ಬದುಕಿದ್ದವರು ಶೇ. 93.9, ಕೀಮೋ ಕೂಡ ತಗೊಂಡವರಲ್ಲಿ ಶೇ. 93.8.

ಆ ಎರಡು ಸಂಖ್ಯೆಗಳನ್ನು ನಾನು ಎರಡು ಸಲ ಕೇಳಿ ಬರೆದುಕೊಂಡೆ.

"ಆದರೆ," ಎಂದರು ಡಾಕ್ಟರು, "ಇದನ್ನು ಎಲ್ಲರಿಗೂ ಹಚ್ಚಬೇಡಿ." 50 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಅಂಕ 16ರಿಂದ 25 ಇದ್ದಾಗ ಕೀಮೋದಿಂದ ಸ್ವಲ್ಪ ಲಾಭ ಕಂಡಿತ್ತು. ಒಂದರಿಂದ ಮೂರು ಗ್ರಂಥಿಗಳಿಗೆ ಹರಡಿದವರ ಬಗ್ಗೆ 2021ರಲ್ಲಿ ಆರ್‌ಎಕ್ಸ್‌ಪಾಂಡರ್ ಎಂಬ ಇನ್ನೊಂದು ಪ್ರಯೋಗದ ವರದಿ ಬಂತು. ಅಂಕ 25 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ, ಮುಟ್ಟು ನಿಂತವರಿಗೆ ಕೀಮೋದಿಂದ ಲಾಭ ಕಾಣಲಿಲ್ಲ, ಮುಟ್ಟು ನಿಲ್ಲದವರಿಗೆ ಕಂಡಿತು. ಅಂಕ 25 ದಾಟಿದವರಿಗೆ ಸಾಮಾನ್ಯವಾಗಿ ಕೀಮೋ ಹೇಳುತ್ತಾರೆ.

ಬೆಂಗಳೂರಿಗೆ ಹೋದ ತುಣುಕು

ಹಾಗಾದರೆ ಅಮ್ಮನ ಅಂಕ ಎಷ್ಟು? ಆಂಕೋಟೈಪ್‌ಗೆ ಗಡ್ಡೆಯ ಮಾದರಿಯನ್ನು ಅಮೆರಿಕಕ್ಕೆ ಕಳಿಸಬೇಕು, ಖರ್ಚು ಲಕ್ಷದ ಮಾತು. ಬೆಂಗಳೂರಿನಲ್ಲೇ ಒಂದು ಪರೀಕ್ಷೆ ಇದೆ, ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂದು ಹೆಸರು. ಆಂಕೋಸ್ಟೆಮ್ ಡಯಾಗ್ನೋಸ್ಟಿಕ್ಸ್ ಎಂಬ ಸಂಸ್ಥೆ ರೂಪಿಸಿದ್ದು. ಗಡ್ಡೆಯ ತುಣುಕಿನಲ್ಲಿ ಐದು ಪ್ರೋಟೀನುಗಳನ್ನು ಅಳೆದು, ಗಾತ್ರ, ಗ್ರೇಡ್, ಗ್ರಂಥಿಗಳ ಮಾಹಿತಿಯನ್ನೂ ಸೇರಿಸಿ, ಮೆಷಿನ್ ಲರ್ನಿಂಗ್ ವಿಧಾನದಿಂದ ಐದು ವರ್ಷದಲ್ಲಿ ಕಾಯಿಲೆ ಮರಳುವ ಅಪಾಯ ಕಡಿಮೆಯೋ ಹೆಚ್ಚೋ ಎಂದು ಹೇಳುತ್ತದೆ. ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಇರುವ ಆರಂಭದ ಹಂತದವರಿಗೆ ಮಾತ್ರ ಇದು. ಬೆಲೆ ಅಮೆರಿಕದ್ದಕ್ಕಿಂತ ಬಹಳ ಕಡಿಮೆ. ಟೇಲರ್‌ಎಕ್ಸ್‌ನಂಥ ದೊಡ್ಡ ಪ್ರಯೋಗದ ಬಲ ಇರುವುದು ಆಂಕೋಟೈಪ್‌ಗೆ. ಬೆಂಗಳೂರಿನ ಪರೀಕ್ಷೆಯನ್ನು ಒರೆಗೆ ಹಚ್ಚಿದ್ದು ಹೆಚ್ಚಾಗಿ ಮೊದಲೇ ಚಿಕಿತ್ಸೆ ಮುಗಿಸಿದವರ ಮಾದರಿಗಳ ಮೇಲೆ. ಎರಡನ್ನೂ ತೂಗಿ ನೋಡಿ ನಾವು ಬೆಂಗಳೂರಿನದನ್ನು ಆರಿಸಿದೆವು.

ಕಾಯುವ ದಿನಗಳಲ್ಲಿ ನಾನು ಸುಮ್ಮನಿರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಪ್ರಿಡಿಕ್ಟ್ ಎಂಬ ಉಚಿತ ಸಾಧನ ಅಂತರ್ಜಾಲದಲ್ಲಿದೆ. ವಯಸ್ಸು, ಗಾತ್ರ, ಗ್ರೇಡ್, ಗ್ರಂಥಿ, ಇಆರ್, ಹರ್-2 ತುಂಬಿದರೆ ಅಂಥ ನೂರು ಹೆಂಗಸರಲ್ಲಿ ಹತ್ತು ವರ್ಷಕ್ಕೆ ಎಷ್ಟು ಮಂದಿ ಇರುತ್ತಾರೆ, ಮಾತ್ರೆಯಿಂದ ಎಷ್ಟು ಮಂದಿ ಹೆಚ್ಚು, ಕೀಮೋದಿಂದ ಎಷ್ಟು ಮಂದಿ ಹೆಚ್ಚು ಎಂದು ತೋರಿಸುತ್ತದೆ. ಅಮ್ಮನ ವಿವರಕ್ಕೆ ಕೀಮೋದ ಲಾಭ ನೂರಕ್ಕೆ ಇಬ್ಬರಿಗಿಂತ ಕಡಿಮೆ ಎಂದು ಬಂತು, ಮಾತ್ರೆಯ ಲಾಭ ಅದಕ್ಕಿಂತ ಹೆಚ್ಚು. ಅದು ಬ್ರಿಟನ್ನಿನ ರೋಗಿಗಳ ಮಾಹಿತಿಯಿಂದ ಕಟ್ಟಿದ ಲೆಕ್ಕ, ನಮ್ಮವರಿಗೆ ಅಕ್ಷರಶಃ ಹೊಂದುತ್ತದೆಂದು ಹೇಳಲಾಗದು. ಹಾಗಾಗಿ ಇದನ್ನು ನೋಡುವುದಾದರೆ ಡಾಕ್ಟರೊಡನೆ ಕೂತು ನೋಡಿ. ರಾತ್ರಿ ಎರಡು ಗಂಟೆಗೆ ಒಬ್ಬರೇ ಕೂತು ನೋಡಬೇಡಿ. ನಾನು ನೋಡಿದ್ದು ಹಾಗೆಯೇ.

ಬೆಂಗಳೂರಿನ ಫಲಿತಾಂಶ ಬಂತು: ಕಡಿಮೆ ಅಪಾಯ.

ಅಮ್ಮನ ಲೆಕ್ಕ

ನಾವು ಇಷ್ಟೆಲ್ಲ ಲೆಕ್ಕ ಹಾಕುವಾಗ ಅಮ್ಮ ತನ್ನದೇ ಒಂದು ಲೆಕ್ಕ ಹಾಕುತ್ತಿದ್ದಳು. ಮೂವತ್ತು ವರ್ಷದಿಂದ ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗಿನಲ್ಲಿ ಬ್ಲೌಸ್ ಹೊಲಿದುಕೊಡುತ್ತಾಳೆ. ನನ್ನ ಮಾಸ್ಟರ್ಸ್ ಡಿಗ್ರಿಯ ಅರ್ಧ ಫೀಸು ಆ ಮಿಷನ್ನಿನಿಂದ ಬಂದದ್ದು. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆಯೂ ಇದೆ. ಪಾದದಲ್ಲಿ ಆಗಲೇ ಸ್ಪರ್ಶ ಕಡಿಮೆ, ಚಪ್ಪಲಿ ಜಾರಿದ್ದೂ ಗೊತ್ತಾಗುವುದಿಲ್ಲ.

ಅವಳಿಗೆ ಹೇಳಿದ್ದ ಕೀಮೋದಲ್ಲಿ ಡೋಸಿಟ್ಯಾಕ್ಸೆಲ್ ಎಂಬ ಔಷಧವಿತ್ತು. ಕೈಬೆರಳು, ಪಾದ ಜೋಮು ಹಿಡಿಯುವುದು ಆ ಜಾತಿಯ ಔಷಧಗಳ ಗೊತ್ತಿರುವ ತೊಂದರೆ. ಹಲವರಿಗೆ ನಿಧಾನವಾಗಿ ಸರಿಹೋಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಜೊತೆಗೆ ಕೊಡುವ ಸ್ಟೀರಾಯ್ಡಿನಿಂದ ಸಕ್ಕರೆ ಏರುತ್ತದೆ. ಬಿಳಿ ರಕ್ತಕಣ ಇಳಿದ ದಿನಗಳಲ್ಲಿ ಸಣ್ಣ ಸೋಂಕೂ ದೊಡ್ಡದಾಗಬಹುದು.

ಪರೇಲಿನ ಎರಡನೆಯ ಭೇಟಿಯಲ್ಲಿ ಅಮ್ಮ ಡಾಕ್ಟರನ್ನು ನೇರವಾಗಿ ಕೇಳಿದಳು: "ಸೂಜಿಗೆ ದಾರ ಪೋಣಿಸಲು ಆಗುತ್ತದಾ?" ಡಾಕ್ಟರು ಸುಳ್ಳು ಹೇಳಲಿಲ್ಲ. "ಬಹುಶಃ ಆಗುತ್ತದೆ. ನಿಮ್ಮ ಸಕ್ಕರೆ ನೋಡಿದರೆ ಖಂಡಿತ ಅಂತ ಹೇಳಲಾರೆ" ಎಂದರು.

ಮನೆಗೆ ಬಂದು ಅಮ್ಮ ತೀರ್ಮಾನ ಹೇಳಿದಳು. "ನೂರರಲ್ಲಿ ಒಬ್ಬರೋ ಇಬ್ಬರೋ ಅಂದರೆ ನನಗೆ ಬೇಡ. ರೇಡಿಯೇಷನ್ ಮಾಡಿಸ್ತೇನೆ, ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ. ಶಿವಮೊಗ್ಗದ ಪುಡಿಯೂ ಬೇಡ." ಅಣ್ಣನಿಗೆ ಸಮಾಧಾನವಾಗಲಿಲ್ಲ. "ಆ ಒಬ್ಬರು ನೀನೇ ಆದರೆ?" ಎಂದ. "ಆಗಬಹುದು. ಆ ಭಯ ನಿನ್ನ ತಲೆಯಲ್ಲಿ ಉಂಟು, ನನ್ನದರಲ್ಲೂ ಉಂಟು. ಆದರೆ ಕೈ ನನ್ನದು" ಎಂದಳು. ಅಪ್ಪ ಎದ್ದು ಹೋಗಿ ಟಿವಿ ಆರಿಸಿದರು. ಅವತ್ತಿನ ಮಟ್ಟಿಗೆ ಅದು ಅವರ ಒಪ್ಪಿಗೆ.

ಮಾತ್ರೆಯ ಬಗ್ಗೆಯೂ ಹೇಳಬೇಕು. ಮುಟ್ಟು ನಿಂತವರಿಗೆ ಲೆಟ್ರೊಜೋಲ್‌ನಂಥದ್ದು, ದಿನಕ್ಕೊಂದು, ಕನಿಷ್ಠ ಐದು ವರ್ಷ. ಕೀಲು ನೋವು ಬರುತ್ತದೆ, ಎಲುಬು ಸವೆಯುತ್ತದೆ. ಎಲುಬಿನ ಸಾಂದ್ರತೆಯ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗಿರಬೇಕು. ಎಷ್ಟೋ ಮಂದಿ ಎರಡನೆಯ ವರ್ಷಕ್ಕೇ ಬಿಟ್ಟುಬಿಡುತ್ತಾರೆ. ಹಳೆಯ ಮಾತ್ರೆ ಟಮಾಕ್ಸಿಫೆನ್ನಿನ ಲೆಕ್ಕ ಕೇಳಿ: ಹಾರ್ಮೋನ್ ಪಾಸಿಟಿವ್ ಇರುವವರು ಅದನ್ನು ಐದು ವರ್ಷ ತಗೊಂಡರೆ ಹದಿನೈದು ವರ್ಷದ ಅವಧಿಯಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲಿ ಒಂದು ಭಾಗ ಕಡಿಮೆಯಾಗುತ್ತದೆ. ಕೀಮೋ ಬೇಡ ಎಂಬುದು ಔಷಧವೇ ಬೇಡ ಎಂಬುದಲ್ಲ.

ನಾನು ಮಾಡಿದ ತಪ್ಪು

ಆ ರಾತ್ರಿ ಖುಷಿಯಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ಅಮ್ಮನಿಗೆ ಕೀಮೋ ಬೇಡ ಅಂತಾಯಿತು! ಕೀಮೋ ಎಲ್ಲರಿಗೂ ಬೇಕಾಗಿಲ್ಲ, ದೊಡ್ಡ ಸಂಶೋಧನೆಯೇ ಹೇಳಿದೆ." ಎಪ್ಪತ್ತು ಮಂದಿಯ ಗುಂಪು. ಕೈ ಮುಗಿಯುವ ಚಿತ್ರಗಳು ಸಾಲಾಗಿ ಬಂದವು.

ಹತ್ತು ದಿನದ ಮೇಲೆ ಕಲ್ಯಾಣಿನಿಂದ ಚಿಕ್ಕಮ್ಮ ಫೋನ್ ಮಾಡಿದರು. ಅವರ ಸೊಸೆಗೆ, ಅಂದರೆ ನನ್ನ ಅತ್ತಿಗೆಗೆ, ಒಂದು ತಿಂಗಳ ಹಿಂದೆ ಸ್ತನ ಕ್ಯಾನ್ಸರ್ ಪತ್ತೆಯಾಗಿತ್ತು. 41 ವರ್ಷ, ಇಬ್ಬರು ಮಕ್ಕಳು. ಮನೆಯವರು ಯಾರಿಗೂ ಹೇಳಿರಲಿಲ್ಲ. ಹುಡುಗಿಗೆ ಸಂಬಂಧ ನೋಡುವಾಗ ತೊಂದರೆ ಆಗಬಾರದೆಂದು. ಹುಡುಗಿಗೆ ಈಗ ಹನ್ನೊಂದು ವರ್ಷ! ಒಂದು ಕೀಮೋ ಆಗಿತ್ತು, ಕೂದಲು ಉದುರಿತ್ತು, ಬಾಯಿ ತುಂಬ ಹುಣ್ಣು. ಎರಡನೆಯದಕ್ಕೆ ಹೋಗಲಿಲ್ಲ. "ನೀನು ಗ್ರೂಪಿನಲ್ಲಿ ಹಾಕಿದ್ದನ್ನು ತೋರಿಸಿ, ದೊಡ್ಡಮ್ಮನಿಗೆ ಬೇಡದ್ದು ನನಗ್ಯಾಕೆ ಅಂತಾಳೆ" ಎಂದರು ಚಿಕ್ಕಮ್ಮ.

ನನ್ನ ಕೈಕಾಲು ತಣ್ಣಗಾಯಿತು. ರಿಪೋರ್ಟಿನ ಫೋಟೋ ಕಳಿಸಲು ಹೇಳಿದೆ. ಈಗ ನನಗೆ ಓದಲು ಬರುತ್ತಿತ್ತು. ಮೂರು ಸೆಂಟಿಮೀಟರ್, ಗ್ರೇಡ್ 3, ಇಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್-2 ನೆಗೆಟಿವ್. ಟ್ರಿಪಲ್ ನೆಗೆಟಿವ್ ಎಂದು ಕರೆಯುವುದು ಇದನ್ನೇ. ಹಾರ್ಮೋನ್ ಮಾತ್ರೆ ಇದಕ್ಕೆ ನಾಟುವುದಿಲ್ಲ, ಟ್ರಾಸ್ಟುಜುಮ್ಯಾಬ್ ನಾಟುವುದಿಲ್ಲ. ಕೀಮೋವೇ ಇದರ ಮುಖ್ಯ ಆಯುಧ. ಅನೇಕ ಸಲ ಆಪರೇಷನ್ನಿಗೂ ಮೊದಲೇ ಕೊಡುತ್ತಾರೆ, ಗಡ್ಡೆ ಕರಗುತ್ತದೋ ಎಂದು ಕಣ್ಣಾರೆ ನೋಡಬಹುದು. ಕಾಯಿಲೆ ಮರಳುವ ಅಪಾಯ ಮೊದಲ ಕೆಲವೇ ವರ್ಷಗಳಲ್ಲಿ ಹೆಚ್ಚು. ಟೇಲರ್‌ಎಕ್ಸ್ ಇವರನ್ನು ಸೇರಿಸಿಕೊಂಡೇ ಇರಲಿಲ್ಲ. ನಮ್ಮ ದೇಶದಲ್ಲಿ ಈ ಬಗೆಯ ಪಾಲು ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು.

ಮರುದಿನ ರಜೆ ಹಾಕಿ ಅಮ್ಮನನ್ನು ಕರೆದುಕೊಂಡು ಕಲ್ಯಾಣಿಗೆ ಹೋದೆ. ಡೊಂಬಿವಲಿಯಿಂದ ಠಾಕುರ್ಲಿ, ಆಮೇಲೆ ಕಲ್ಯಾಣ್. ಎರಡೇ ಸ್ಟೇಷನ್ನು. ಒಂದು ತಿಂಗಳಿಂದ ಅವಳು ಅಲ್ಲಿ ಒಬ್ಬಳೇ ನರಳುತ್ತಿದ್ದಳು, ನಮಗೆ ಗೊತ್ತಿರಲಿಲ್ಲ.

ಅತ್ತಿಗೆ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಬಾಗಿಲು ತೆರೆದಳು. ನಾನು ಎರಡೂ ರಿಪೋರ್ಟುಗಳನ್ನು ನೆಲದ ಮೇಲೆ ಪಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ತೋರಿಸಿದೆ. ಅವಳು ತಲೆ ಎತ್ತಲಿಲ್ಲ. "ನೀನೇ ಬರೆದದ್ದಲ್ಲವಾ, ಎಲ್ಲರಿಗೂ ಬೇಡ ಅಂತ?" ಎಂದಳು. "ಹೌದು, ಅರ್ಧ ಬರೆದೆ. ತಪ್ಪು ನನ್ನದು" ಎಂದೆ.

ಆಮೇಲೆ ಮಾತಾಡಿದ್ದು ಅಮ್ಮ. "ನನಗೆ ನೂರರಲ್ಲಿ ಒಬ್ಬರೋ ಇಬ್ಬರೋ ಅಂದರು. ನಿನಗೆ ಎಷ್ಟು ಅಂತ ಕೇಳಿದ್ದೀಯಾ?"

"ಇಲ್ಲ ದೊಡ್ಡಮ್ಮ."

"ಕೇಳದೆಯೇ ಬಿಟ್ಟೆಯಾ ಮಗಾ? ನಾಳೆ ಹೋಗಿ ಕೇಳುವ. ಕೇಳಿದ ಮೇಲೂ ಬೇಡ ಅನ್ನಿಸಿದರೆ ಆಗ ನೋಡುವ."

ಮರುದಿನ ಅವಳ ಡಾಕ್ಟರನ್ನು ಮೂವರೂ ಕಂಡೆವು. ಅತ್ತಿಗೆಯೇ ಕೇಳಿದಳು. "ನಿಮ್ಮ ಮಟ್ಟಿಗೆ ಲಾಭ ಒಂದಂಕಿಯ ಮಾತಲ್ಲ, ಎರಡಂಕಿಯದು. ನಿಮಗೆ ಕೊಡಲು ನನ್ನ ಹತ್ತಿರ ಬೇರೆ ಮಾತ್ರೆ ಇಲ್ಲ" ಎಂದರು ಡಾಕ್ಟರು. ಬಾಯಿಹುಣ್ಣಿಗೆ, ವಾಂತಿಗೆ ಔಷಧ ಬದಲಿಸಿದರು. ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಸೇರಿಸಿದರು. ಮನೆಯಲ್ಲಿ ಥರ್ಮಾಮೀಟರ್ ಇಡಿ, ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಬನ್ನಿ ಎಂದರು. ಬಿಆರ್‌ಸಿಎ ಜೀನ್ ಪರೀಕ್ಷೆಗೂ ಬರೆದುಕೊಟ್ಟರು. ಈ ಬಗೆಯ ಕ್ಯಾನ್ಸರ್ ಬಂದವರು ಆ ಪರೀಕ್ಷೆಯ ಬಗ್ಗೆ ಕೇಳಲೇಬೇಕು. ಹತ್ತು ದಿನ ತಡವಾಗಿ ಎರಡನೆಯ ಕೀಮೋ ಆಯಿತು.

ಅವತ್ತು ಅಮ್ಮ ಅವಳಿಗೆ ಒಂದು ಪುಸ್ತಕ ಕೊಟ್ಟು ಬಂದಿದ್ದಳು. ಭಾರತಿ ಬಿ.ವಿ. ಅವರು ತಮ್ಮದೇ ಸ್ತನ ಕ್ಯಾನ್ಸರಿನ ಅನುಭವ ಬರೆದ 'ಸಾಸಿವೆ ತಂದವಳು'. ಡಾಕ್ಟರು ಹೇಳದ ಎಷ್ಟೋ ಸಂಗತಿ ಕನ್ನಡದಲ್ಲೇ ಸಿಕ್ಕಿತು ಎಂದು ಅತ್ತಿಗೆ ಆಮೇಲೆ ಹೇಳಿದಳು.

ಕೇಳಬೇಕಾದ ಪ್ರಶ್ನೆಗಳು

ಈಗ ಯಾರು ಫೋನ್ ಮಾಡಿದರೂ ನಾನು ಬೇಕು, ಬೇಡ ಎರಡನ್ನೂ ಹೇಳುವುದಿಲ್ಲ. ಡಾಕ್ಟರ ಬಳಿಗೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಎನ್ನುತ್ತೇನೆ.

1. ನನ್ನ ಕ್ಯಾನ್ಸರ್ ಯಾವ ಬಗೆಯದು? ಇಆರ್, ಪಿಆರ್, ಹರ್-2 ಏನು?
2. ಕೀಮೋ ಇಲ್ಲದೆ ನನ್ನಂಥ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಕಾಯಿಲೆ ಮರಳುತ್ತದೆ, ಕೀಮೋ ತಗೊಂಡರೆ ಎಷ್ಟು ಮಂದಿಗೆ?
3. ನನ್ನ ವಿಷಯದಲ್ಲಿ ಜೀನ್ ಅಥವಾ ಪ್ರೋಟೀನ್ ಪರೀಕ್ಷೆಯಿಂದ ತೀರ್ಮಾನ ಬದಲಾಗುವ ಸಾಧ್ಯತೆ ಇದೆಯೇ? ಬದಲಾಗದು ಎಂದಾದರೆ ಆ ಖರ್ಚು ಯಾಕೆ?
4. ನನಗಿರುವ ಸಕ್ಕರೆ, ಹೃದಯ, ಮೂತ್ರಪಿಂಡದ ತೊಂದರೆಗೆ ಈ ಔಷಧ ಏನು ಮಾಡುತ್ತದೆ?
5. ಮುಂದೆ ಮಕ್ಕಳು ಬೇಕೆಂದಿದ್ದರೆ ಕೀಮೋಗೆ ಮೊದಲೇ ಏನು ಮಾಡಬೇಕು?
6. ಯೋಚಿಸಲು ನನಗೆ ಎಷ್ಟು ದಿನ ಇದೆ?

ಕೊನೆಯದು ಮುಖ್ಯ. ಆಪರೇಷನ್ ಆದ ಮೇಲೆ ಎರಡನೆಯ ಅಭಿಪ್ರಾಯ ಕೇಳಲು ಸಾಮಾನ್ಯವಾಗಿ ಕೆಲವು ವಾರಗಳ ಸಮಯ ಇರುತ್ತದೆ. ತಿಂಗಳುಗಟ್ಟಲೆ ಇರುವುದಿಲ್ಲ. ಪುಡಿ, ಕಷಾಯ ಎಂದು ಆ ಸಮಯ ಕಳೆಯಬೇಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬದಲಿ ಔಷಧವನ್ನಷ್ಟೇ ನಂಬಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಹೆಚ್ಚಿತ್ತು.

ಹಣದ ಚಿಂತೆ ಇರುವವರು ಮಹಾರಾಷ್ಟ್ರ ಸರಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ವಿಚಾರಿಸಿ. ಕ್ಯಾನ್ಸರ್ ಚಿಕಿತ್ಸೆ ಅದರಲ್ಲಿ ಸೇರಿದೆ. ಪರೇಲ್ ದೂರವಾಗುವ ನವಿ ಮುಂಬಯಿಯವರಿಗೆ ಟಾಟಾ ಮೆಮೋರಿಯಲ್ ಸೆಂಟರಿನದೇ ಆಕ್ಟ್ರೆಕ್ ಖಾರ್ಘರ್‌ನಲ್ಲಿದೆ, ಥಾಣೆಯಿಂದ ಪನ್ವೇಲ್ ಲೋಕಲ್ ಹಿಡಿದರೆ ನೇರ ಹೋಗಬಹುದು. ಮುಖ್ಯವಾಗಿ, ಮನೆಯಲ್ಲಿ ಮುಚ್ಚಿಡಬೇಡಿ. ಎರಡು ಸ್ಟೇಷನ್ ದೂರದಲ್ಲಿ ನಿಮ್ಮವರು ಇರುತ್ತಾರೆ.

ಅತ್ತಿಗೆಯ ಎಂಟೂ ಕೀಮೋ ಮುಗಿದು ಆಪರೇಷನ್ ಆಗಿದೆ. ಗಡ್ಡೆ ಬಹುಪಾಲು ಕರಗಿತ್ತು, ಪೂರ್ತಿ ಅಲ್ಲ. ಹಾಗಾಗಿ ಇನ್ನಷ್ಟು ಚಿಕಿತ್ಸೆ ನಡೆಯುತ್ತಿದೆ. ಕೂದಲು ಗಿಡ್ಡಗೆ, ಗುಂಗುರಾಗಿ ಬಂದಿದೆ. ಅಮ್ಮ ಮೂರು ವಾರದ ರೇಡಿಯೇಷನ್ ಮುಗಿಸಿ ಮತ್ತೆ ಹೊಲಿಗೆಗೆ ಕೂತಿದ್ದಾಳೆ. ರಾತ್ರಿ ಊಟವಾದ ಮೇಲೆ ಮಾತ್ರೆ ನುಂಗಿ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಾಳೆ. ಮಂಡಿ ನೋವು ಹೆಚ್ಚಾಗಿದೆ.

ಆರು ತಿಂಗಳ ತಪಾಸಣೆಯ ಹಿಂದಿನ ರಾತ್ರಿ ನನ್ನನ್ನು ಕೇಳಿದಳು: "ತಗೊಳ್ಳಬೇಕಿತ್ತಾ?" ನಾನು ಮತ್ತೆ ಆ ಸಂಖ್ಯೆಗಳನ್ನೆಲ್ಲ ಹೇಳಹೊರಟೆ. "ಅದೆಲ್ಲ ಗೊತ್ತುಂಟು, ಸುಮ್ಮನೆ ಕೇಳಿದೆ" ಎಂದಳು. ಆ ಪ್ರಶ್ನೆ ಪ್ರತಿ ತಪಾಸಣೆಗೂ ಬರುತ್ತದೆ ಎಂದು ಈಗ ನನಗೆ ಗೊತ್ತು. ಕೀಮೋ ತಗೊಂಡಿದ್ದರೂ ಬೇರೆ ರೂಪದಲ್ಲಿ ಬರುತ್ತಿತ್ತು. ನಾವು ಕೇಳಬೇಕಾದವರನ್ನು ಕೇಳಿದೆವು, ತಿಳಿಯಬೇಕಾದದ್ದನ್ನು ತಿಳಿದೆವು, ತೀರ್ಮಾನ ಅವಳದೇ ಆಗಿತ್ತು. ಅಷ್ಟು ಮಾತ್ರ ನಮ್ಮ ಕೈಯಲ್ಲಿತ್ತು.

ವಾಟ್ಸಾಪಿನ ಆ ಹಳೆಯ ಸಂದೇಶವನ್ನು ಅಳಿಸಲು ಹೋದೆ, ಸಮಯ ಮೀರಿತ್ತು. ಅದರ ಕೆಳಗೆ ಇನ್ನೊಂದು ಬರೆದೆ: "ಇದು ಅಮ್ಮನ ರಿಪೋರ್ಟಿನ ಮಾತು. ನಿಮ್ಮದನ್ನು ನೋಡದೆ ತೀರ್ಮಾನ ಮಾಡಬೇಡಿ." ಅದಕ್ಕೆ ಕೈ ಮುಗಿಯುವ ಚಿತ್ರ ಬಂದದ್ದು ಒಂದೇ, ಕಲ್ಯಾಣಿನಿಂದ.